ಕಾಡುಮೂಲೆಯಲ್ಲಿ ಹನ್ನೊಂದು ಕಡಿಮೆ

ಭೂತಗನ್ನಡಿಯ ಹಿಡಿಯ ಮೇಲೆ ಒಂದು ಪುಟ್ಟ ಹೆಬ್ಬೆರಳು ಅಚ್ಚೊತ್ತಿ ಕೂತಿತ್ತು.

ಕೊಳೆಯಲ್ಲ. ಒದ್ದೆ ಬಟ್ಟೆಯಲ್ಲಿ ಉಜ್ಜಿದರೂ ಹೋಗಲಿಲ್ಲ. ಟೀಚರ್ ಉಗುರಿನ ತುದಿಯಿಂದ ಮೆಲ್ಲಗೆ ಕೆರೆದು ನೋಡಿದಳು. ಪ್ಲಾಸ್ಟಿಕ್ಕೇ ಒಮ್ಮೆ ಮೇಣದ ಹಾಗೆ ಮೆತ್ತಗಾಗಿ, ಬೆರಳಿನ ಸುಳಿಯನ್ನು ಗೆರೆಗೆರೆಯಾಗಿ ಒಳಗೆಳೆದುಕೊಂಡು, ಮತ್ತೆ ಗಟ್ಟಿಯಾಗಿತ್ತು.

ಎರಡನೆಯದನ್ನು ಎತ್ತಿಕೊಂಡಳು. ಅದರಲ್ಲೂ ಇತ್ತು. ಮೂರನೆಯದರಲ್ಲೂ. ನಾಲ್ಕನೇ ತರಗತಿಯ ಹದಿನೆಂಟು ಮಕ್ಕಳಿಗೆ ಹದಿನೆಂಟು ಭೂತಗನ್ನಡಿ. ಹದಿನೆಂಟರ ಹಿಡಿಯಲ್ಲೂ ಒಂದೊಂದು ಹೆಬ್ಬೆರಳು. ಯಾರೂ ಮುಟ್ಟದೆ ಪ್ಯಾಕೆಟ್ಟಿನಲ್ಲೇ ಉಳಿದಿದ್ದ ಎರಡರ ಹಿಡಿ ಮಾತ್ರ ನುಣ್ಣಗೆ ಹೊಸದರಂತಿತ್ತು.

ಪ್ರಯೋಗದ ಸಾಮಾನು ಇಡುವ ಆ ಇಕ್ಕಟ್ಟಾದ ಕೋಣೆಯಲ್ಲಿ ಗಡಿಯಾರ ಎರಡೂಕಾಲು ತೋರಿಸುತ್ತಿತ್ತು. ನಾಲ್ಕಕ್ಕೆ ಶಾಲಾ ಸಮಿತಿಯ ಸಭೆ. ಅದರಲ್ಲಿ ಮಾಲಿ ತಾತನ ಕೆಲಸ ಹೋಗುವುದಿತ್ತು. ಕೆಲಸದ ಜೊತೆಗೆ, ಇಪ್ಪತ್ತೆರಡು ವರ್ಷದಿಂದ ಅವನು ಬಾಳಿದ್ದ ಶಾಲೆಯ ಹಿಂದಿನ ಒಂಟಿ ಕೋಣೆಯೂ. ಮಕ್ಕಳ ಕೊಳಕ್ಕೆ ಕಳೆನಾಶಕ ಸುರಿದು ಅವರು ಸಾಕಿದ ಗೊದಮೊಟ್ಟೆಗಳನ್ನೆಲ್ಲ ಕೊಂದವನು ಅವನೇ ಎಂದು ಶನಿವಾರ ಸಮಿತಿಗೆ ಬರೆದುಕೊಟ್ಟವಳು ಇವಳೇ.

ಒಂದೇ ಪುಟದ ಪತ್ರ. ಅದರ ಕೊನೆಯ ಸಾಲು ಎರಡು ದಿನದಿಂದ ಅವಳ ತಲೆಯೊಳಗೆ ಸುತ್ತುತ್ತಿತ್ತು: 'ಈ ವಿಷಯದಲ್ಲಿ ನನಗೆ ಯಾವ ಸಂಶಯವೂ ಇಲ್ಲ.'

ಬೇರೆ ಯಾರಾದರೂ ಹಾಗೆ ಬರೆದಿದ್ದರೆ ಸಮಿತಿ ಎರಡು ಪ್ರಶ್ನೆ ಕೇಳುತ್ತಿತ್ತು. ಆದರೆ ಇವಳು ಮೇಷ್ಟರಗಿರಿಗೆ ಬರುವ ಮುಂಚೆ ಒಂಬತ್ತು ವರ್ಷ ಪೊಲೀಸರ ಪ್ರಯೋಗಾಲಯದಲ್ಲಿ ವಿಷ ಪತ್ತೆಮಾಡುವ ಕೆಲಸದಲ್ಲಿದ್ದವಳು. ಮಕ್ಕಳು 'ಭೂತಗನ್ನಡಿ ಟೀಚರ್' ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಭೂತಗನ್ನಡಿ ಹೇಳಿದ ಮೇಲೆ ಮುಗಿಯಿತು, ಯಾರೂ ಮರುಮಾತಾಡಲಿಲ್ಲ. ಮಾಲಿ ತಾತನೂ ಆಡಲಿಲ್ಲ. ಅವಳನ್ನು ಕೊರೆಯುತ್ತಿದ್ದದ್ದು ಅದೇ.

ಹಿಡಿಯನ್ನು ಮೂಗಿನ ಹತ್ತಿರ ತಂದಳು. ಏನೂ ತಿಳಿಯಲಿಲ್ಲ. ತಿಂಗಳಿಂದ ಬಿಡದ ನೆಗಡಿ. ಟೀಚರ್ ಮೂಗು ರಜೆ ಮೇಲಿದೆ ಎಂದು ತರಗತಿಯಲ್ಲಿ ಜೋಕೇ ಇತ್ತು.

"ಟೀಚರ್, ಲೆಕ್ಕ ಕೂಡ್ತಾ ಇಲ್ಲ."

ಬಾಗಿಲಲ್ಲಿ ಲೆಕ್ಕದಮ್ಮ ನಿಂತಿದ್ದಳು. ವಯಸ್ಸು ಹತ್ತು. ಎದೆಗೆ ಅವುಚಿಕೊಂಡಿದ್ದ ಉದ್ದನೆಯ ಪುಸ್ತಕ ಕಾಡುಮೂಲೆಯ ಎಣಿಕೆ ಪುಸ್ತಕ. ಅದನ್ನು ಬೇರೆಯವರ ಕೈಗೆ ಕೊಡಬೇಕಾದರೆ ಅವಳು ಮೊದಲು ಅವರ ಕೈ ತೊಳೆದಿದೆಯೇ ಎಂದು ನೋಡುತ್ತಿದ್ದಳು.

ಎರಡು ವರ್ಷದ ಹಿಂದೆ ಶಾಲೆಯ ಮೈದಾನ ಬೋಳು ತಲೆಯಂತಿತ್ತು. ವಾರಕ್ಕೊಮ್ಮೆ ಯಂತ್ರ ಓಡಿಸಿ ಹುಲ್ಲನ್ನು ನೆಲಮಟ್ಟ ಮಾಡುತ್ತಿದ್ದರು. ಹಿಂದಿನ ಮೂಲೆಯೊಂದನ್ನಾದರೂ ಅದರ ಪಾಡಿಗೆ ಬಿಡಿ ಎಂದು ಅರ್ಜಿ ಬರೆದವರು ಮಕ್ಕಳೇ. ಹುಲ್ಲು ಮಂಡಿಯೆತ್ತರ ಬೆಳೆದು ಅದು ಕಾಡುಮೂಲೆಯಾಯಿತು. ಒಣಕೊಂಬೆಗಳ ರಾಶಿ ಬಿತ್ತು. ಒಂಟಿ ಜೇನುಹುಳಗಳಿಗೆಂದು ಬಿದಿರಿನ ಕೊಳವೆಗಳ ಕಟ್ಟು ಬಂತು. ಯಾರೋ ಎಸೆದಿದ್ದ ಸ್ನಾನದ ತೊಟ್ಟಿಯೊಂದನ್ನು ಮಾಲಿ ತಾತ ಅಂಚಿನವರೆಗೆ ಮಣ್ಣಲ್ಲಿ ಹೂತು ಕೊಳ ಮಾಡಿಕೊಟ್ಟ. ಒಂದೊಂದು ಮಗುವೂ ಒಂದೊಂದು ಜೀವಿಯ ಪಾಲಕ: ಒಬ್ಬನಿಗೆ ಹಕ್ಕಿ, ಒಬ್ಬಳಿಗೆ ಏರೋಪ್ಲೇನ್ ಚಿಟ್ಟೆ, ಒಬ್ಬನಿಗೆ ಬಸವನಹುಳು. ಲೆಕ್ಕದಮ್ಮನ ಪಾಲಿಗೆ ಯಾರಿಗೂ ಬೇಡವಾದ ಎರೆಹುಳು ಬಂದಿತ್ತು. ತುಂಡಾದರೆ ಒಂದು ಅಂತ ಬರೆಯೋದೋ ಎರಡು ಅಂತಲೋ ಎಂದು ಅವಳು ಮೊದಲ ದಿನವೇ ಕೇಳಿ, ಒಟ್ಟು ಲೆಕ್ಕದ ಪುಸ್ತಕವನ್ನೇ ಗಿಟ್ಟಿಸಿಕೊಂಡಿದ್ದಳು.

"ಏನು ಕೂಡ್ತಿಲ್ಲ?" ಟೀಚರ್ ಕೇಳಿದಳು.

"ಮೊದಲು ಗೊದಮೊಟ್ಟೆ ಇದ್ದಿದ್ದು ನೂರ ಎಪ್ಪತ್ನಾಲ್ಕು. ಸತ್ತಿದ್ದು ನೂರ ಅರವತ್ಮೂರು. ಇವತ್ತು ಕೊಳದಲ್ಲಿ ಒಂದೂ ಇಲ್ಲ. ಹನ್ನೊಂದು ಕಡಿಮೆ ಬರ್ತಿದೆ."

"ಹಕ್ಕಿ ತಿಂದಿರಬಹುದು."

"ಹಕ್ಕಿ ಬರೆಯೋನನ್ನ ಕೇಳ್ದೆ. ಕೊಳದ ಹತ್ರ ಅಂಥ ಹಕ್ಕಿ ಬಂದೇ ಇಲ್ಲವಂತೆ. ಅವನು ಸುಳ್ಳು ಹೇಳಲ್ಲ ಟೀಚರ್. ಹೇಳೋಕೆ ಬರಲ್ಲ ಅವನಿಗೆ."

ಟೀಚರಿಗೆ ನಗು ಬರಬೇಕಿತ್ತು, ಬರಲಿಲ್ಲ. ಭೂತಗನ್ನಡಿಯನ್ನು ಹುಡುಗಿಯ ಮುಂದೆ ಹಿಡಿದು ಮೂಸಿ ನೋಡು ಎಂದಳು.

ಲೆಕ್ಕದಮ್ಮ ಮೂಸಿದಳು. ಯೋಚಿಸುವ ಪ್ರಮೇಯವೇ ಬರಲಿಲ್ಲ. "ಸೊಳ್ಳೆ ಎಣ್ಣೆ."

"ಯಾವ ಸೊಳ್ಳೆ ಎಣ್ಣೆ?"

"ನೀವು ಹಚ್ಚೋದೇ ಟೀಚರ್. ಎಣಿಸೋ ದಿನ." ಹುಡುಗಿ ಮೊಣಕೈ ಕೆರೆದುಕೊಂಡಳು. "ಆಮೇಲೆ ಪುಸ್ತಕ ಹಿಡಿದ್ರೆ ಪುಸ್ತಕಕ್ಕೂ ಬರತ್ತೆ. ನಂಗಿಷ್ಟ ಇಲ್ಲ."

ಚಿತ್ರದ ಪೀರಿಯಡ್ಡಿಗೆ ಹೊತ್ತಾಯಿತು ಎಂದು ಹುಡುಗಿಯನ್ನು ಕಳಿಸಿ, ಪುಸ್ತಕವನ್ನು ಇಲ್ಲೇ ಬಿಟ್ಟುಹೋಗಲು ಹೇಳಿದಳು. ಲೆಕ್ಕದಮ್ಮ ಟೀಚರ್ ಕೈಯನ್ನೊಮ್ಮೆ ನೋಡಿ, ಒಪ್ಪಿ, ಕೊಟ್ಟುಹೋದಳು.

ಬಾಗಿಲು ಮುಚ್ಚಿತು. ಟೀಚರ್ ಸ್ಟೂಲಿನ ಮೇಲೆ ಕೂತಳು.

ಸೊಳ್ಳೆ ಓಡಿಸುವ ಕೆಲವು ಎಣ್ಣೆಗಳಿಗೆ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುವ ಗುಣವಿದೆ. ಇದು ಅವಳಿಗೆ ಗೊತ್ತಿತ್ತು. ಪ್ರಯೋಗಾಲಯದ ಮೊದಲ ವರ್ಷವೇ ಗೊತ್ತಿತ್ತು. ಕಳೆನಾಶಕ ಹೀಗೆ ಮಾಡುವುದಿಲ್ಲ ಎಂಬುದೂ ಗೊತ್ತಿತ್ತು.

ಪುಸ್ತಕ ಬಿಚ್ಚಿದಳು. ಮಂಗಳವಾರ ಮತ್ತು ಶುಕ್ರವಾರ ಎಣಿಕೆ. ಅದು ಇವಳೇ ಹಾಕಿಕೊಟ್ಟ ಪದ್ಧತಿ. ಆದರೆ ಅಂಚಿನಲ್ಲಿ ಲೆಕ್ಕದಮ್ಮ ತಾನಾಗಿಯೇ ಗೆರೆ ಎಳೆದು ಇನ್ನೊಂದು ಸಾಲು ಮಾಡಿಕೊಂಡಿದ್ದಳು. ದಿನಾ ಬೆಳಗ್ಗೆ ತೇಲುತ್ತಿದ್ದ ಸತ್ತವುಗಳ ಸಂಖ್ಯೆ. ಶನಿವಾರ ಪತ್ರ ಬರೆಯುವಾಗ ಟೀಚರ್ ಈ ಪುಟ ನೋಡಿದ್ದಳು. ನೋಡಿದ್ದು ಕೆಳಗಿನ ಮೊತ್ತವನ್ನು ಮಾತ್ರ.

ಮೊದಲ ವಾರ: ಬುಧವಾರ ಸೊನ್ನೆ, ಶನಿವಾರ ಒಂದು. ಎರಡನೆಯ ವಾರ: ಬುಧವಾರ ಹತ್ತೊಂಬತ್ತು, ಗುರುವಾರ ಸೊನ್ನೆ, ಶನಿವಾರ ಮೂವತ್ತೊಂದು. ಮೂರನೆಯ ವಾರ: ಸೋಮವಾರ ಎರಡು, ಬುಧವಾರ ನಲವತ್ತನಾಲ್ಕು, ಶನಿವಾರ ಅರವತ್ತಾರು.

ಯಾರೋ ಒಂದು ದಿನ ವಿಷ ಸುರಿದಿದ್ದರೆ ಸಾವು ಒಂದೇ ಸಲ ಬರಬೇಕಿತ್ತು. ಇಲ್ಲಿ ಸಾವು ವೇಳಾಪಟ್ಟಿ ಹಿಡಿದು ಬಂದಿತ್ತು. ಎಣಿಸಿದ ಮರುದಿನ, ಎಣಿಸಿದ ಮರುದಿನ.

ಎಣಿಸುವ ರೀತಿಯೂ ಇವಳದೇ. ಬಲೆ ಹಾಕಿದರೆ ಎಳೆಯ ಜೀವಗಳ ಬಾಲ ಹರಿಯುತ್ತದೆ, ಬಲೆ ಬೇಡ, ಅಂಗೈ ಸಾಕು ಎಂದು ಹೇಳಿಕೊಟ್ಟಿದ್ದಳು. ಮಕ್ಕಳು ಮೊಣಕೈವರೆಗೆ ಕೈಯನ್ನು ನೀರಿಗಿಳಿಸಿ, ಉಸಿರು ಬಿಗಿಹಿಡಿದು, ಬೊಗಸೆಯಲ್ಲಿ ಎತ್ತಿ ಬಿಳಿ ಬೇಸಿನ್ನಿಗೆ ಬಿಡುತ್ತಿದ್ದರು. ಎಣಿಸಿ ಮತ್ತೆ ಬೊಗಸೆಯಲ್ಲೇ ಕೊಳಕ್ಕೆ. ಹದಿನೆಂಟು ಮಕ್ಕಳು, ಮೂವತ್ತಾರು ಕೈ.

ಮೂರು ವಾರದ ಹಿಂದೆ ಮುಖ್ಯ ಶಿಕ್ಷಕಿ ಇವಳನ್ನು ಕರೆದು ಪತ್ರವೊಂದನ್ನು ತೋರಿಸಿದ್ದರು. ಕಾಡುಮೂಲೆಯ ಸೊಳ್ಳೆಗಳು ತನ್ನ ಮಗನನ್ನು ಕಚ್ಚಿ ತಿಂದಿವೆ ಎಂದು ತಾಯಿಯೊಬ್ಬಳ ದೂರು. ಇಂಥ ಪತ್ರ ಇನ್ನೊಂದು ಬರಕೂಡದು ಎಂದಿದ್ದರು. ಇವಳು ಆ ಸಂಜೆಯೇ ಅಂಗಡಿಗೆ ಹೋಗಿ, ಮಕ್ಕಳ ಚರ್ಮಕ್ಕೆ ಹಿತವಾಗಿರಲೆಂದು ನಿಂಬೆ ವಾಸನೆಯದನ್ನೇ ಆರಿಸಿ, ಇನ್ನೂರು ಮಿಲಿಯ ಹಸಿರು ಬಾಟಲಿಯೊಂದನ್ನು ತಂದಿದ್ದಳು. ಎಣಿಸುವ ದಿನ ಮಕ್ಕಳು ಸಾಲಾಗಿ ನಿಲ್ಲುತ್ತಿದ್ದರು. ಇವಳು ಒಬ್ಬೊಬ್ಬರ ಅಂಗೈಗೆ ಒಂದು ಚಮಚ ಹಾಕುತ್ತಿದ್ದಳು. ಮೊಣಕೈವರೆಗೆ ಸರಿಯಾಗಿ ಹಚ್ಚಿಕೊಳ್ಳಿ, ಒಂದಿಷ್ಟೂ ಬಿಡಬೇಡಿ ಎಂದು ಹಿಂದೆ ನಿಂತು ನೋಡುತ್ತಿದ್ದಳು.

ಆಮೇಲೆ ಆ ಕೈಗಳು ನೇರವಾಗಿ ನೀರಿಗೆ.

ಅವಳು ಸಮಿತಿಗೆ ಬರೆದ ಪತ್ರದ ನಕಲನ್ನೇ ತಿರುಗಿಸಿ, ಹಿಂಬದಿಯಲ್ಲಿ ಲೆಕ್ಕ ಹಾಕಿದಳು. ಚಮಚಕ್ಕೆ ಐದು ಮಿಲಿ. ಹದಿನೆಂಟು ಚಮಚ, ಒಂದು ಎಣಿಕೆಗೆ ತೊಂಬತ್ತು. ಆರು ಎಣಿಕೆಗೆ ಐನೂರ ನಲವತ್ತು. ಅರ್ಧ ಮಾತ್ರ ನೀರಿಗೆ ಸೇರಿತು ಎಂದರೂ ನೂರಿಪ್ಪತ್ತು ಲೀಟರಿನ ತೊಟ್ಟಿಗೆ ಕಾಲು ಲೀಟರಿಗೂ ಮೀರಿ. ಮೊದಲ ವಾರ ಯಾಕೆ ಸಾಯಲಿಲ್ಲ? ಸ್ವಲ್ಪ ಸ್ವಲ್ಪವೇ ಸೇರಿ ಮಟ್ಟ ಏರಿರಬೇಕು. ಹೊಂದುತ್ತಿತ್ತು. ಎಲ್ಲವೂ ಹೊಂದುತ್ತಿತ್ತು.

ಅವಳು ಎದ್ದು ಕಿಟಕಿಯಿಂದ ಕಾಡುಮೂಲೆಯತ್ತ ನೋಡಿದಳು. ಇಲ್ಲಿಂದಲೇ ಕಾಣುತ್ತಿತ್ತು: ತೊಟ್ಟಿಯ ಅಂಚಿನ ಹುಲ್ಲು ಹಸಿರು, ನೀರಿನ ಮೇಲಿನ ಅಂತರಗಂಗೆ ಹಸಿರು. ಕಳೆನಾಶಕ ಬಿದ್ದ ನೀರಲ್ಲಿ ಮೊದಲು ಸಾಯಬೇಕಾದದ್ದು ಎಲೆ. ನಾಲ್ಕನೇ ತರಗತಿಯ ಮಗು ಕೇಳಿದರೂ ಹೇಳುವ ಮಾತು. ಒಂಬತ್ತು ವರ್ಷ ವಿಷಗಳ ಜೊತೆ ಬಾಳಿದವಳು ಅದನ್ನು ನೋಡಿರಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಅವಳ ಕೈಗೆ ಮನುಷ್ಯನೊಬ್ಬ ಸಿಕ್ಕಿದ್ದ. ಗುರುವಾರ ಸಂಜೆ ಕೊಳದ ಬಳಿ ಬಕೆಟ್ ಹಿಡಿದು ಬಗ್ಗಿದ್ದ ಮಾಲಿ ತಾತ. ಶನಿವಾರ ಅವನ ಕೋಣೆಯಲ್ಲಿ ಸಿಕ್ಕ, ಮುಚ್ಚಳ ತೆರೆದ ಕಳೆನಾಶಕದ ಡಬ್ಬಿ.

ಎರಡು ಮುಕ್ಕಾಲು. ಅವಳು ಪುಸ್ತಕವನ್ನೂ ಒಂದು ಭೂತಗನ್ನಡಿಯನ್ನೂ ಎತ್ತಿಕೊಂಡು ಹೊರಟಳು.

ತಾತನ ಕೋಣೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ 'ಕೊಲೆಗಾರ' ಎಂದು ಬರೆದಿತ್ತು. ಬರೆದ ಕೈ ಯಾರದೆಂದು ಅವಳಿಗೆ ತಕ್ಷಣ ಗೊತ್ತಾಯಿತು. ಆ ದುಂಡಗಿನ ಅಕ್ಷರ ತಿದ್ದಿಸಿದವಳು ಅವಳೇ.

ಒಳಗೆ ತಾತ ಸಾಮಾನು ಕಟ್ಟುತ್ತಿದ್ದ. ಕಟ್ಟುವುದಕ್ಕೆ ಹೆಚ್ಚೇನಿರಲಿಲ್ಲ. ಕತ್ತರಿ, ಗುದ್ದಲಿ, ಪೈಪು ಎಲ್ಲ ಶಾಲೆಯವು. ಅವನ್ನು ಒರೆಸಿ ಗೋಡೆಗೆ ಸಾಲಾಗಿ ಒರಗಿಸಿದ್ದ.

"ಬನ್ನಿ ಟೀಚರಮ್ಮ," ಎಂದ. "ಬೈಯೋಕೆ ಬಂದಿದ್ರೆ ಕೂತ್ಕೊಂಡು ಬೈಯಿರಿ. ನಿಂತ್ಕೊಂಡು ಬೈದ್ರೆ ಮಂಡಿ ನೋವು ಬರತ್ತೆ."

ಅವಳು ಕೂರಲಿಲ್ಲ. ಬಾಗಿಲ ಮೇಲಿನದನ್ನು ಅಳಿಸಬಾರದಿತ್ತೇ ಎಂದು ಕೇಳಿದಳು.

"ಅಕ್ಷರ ಎಷ್ಟು ದುಂಡಗಿದೆ ನೋಡಿದ್ರಾ? ಹೋದ ವರ್ಷ ಆ ಮಗೂಗೆ 'ಲ' ಬರೆಯೋಕೆ ಬರ್ತಿರಲಿಲ್ಲ. ಅಳಿಸೋಕೆ ಮನಸ್ಸಾಗಲಿಲ್ಲ."

ಟೀಚರ್ ಭೂತಗನ್ನಡಿಯನ್ನು ಅವನ ಮುಂದೆ ಹಿಡಿದಳು. ಹಿಡಿಯ ಮೇಲಿನ ಹೆಬ್ಬೆರಳನ್ನು ತಾತ ಒಮ್ಮೆ ನೋಡಿದ, ಅವಳ ಮುಖವನ್ನು ಒಮ್ಮೆ ನೋಡಿದ. ಅವನಿಗೆ ಆಶ್ಚರ್ಯವಾಗಲಿಲ್ಲ.

"ನಿಮಗೆ ಗೊತ್ತಿತ್ತು," ಎಂದಳು.

ತಾತ ಹಗ್ಗದ ಗಂಟು ಬಿಗಿದ. ಆಮೇಲೆ ಆ ಗಂಟನ್ನೇ ಬಿಚ್ಚಿದ.

"ಎರಡನೇ ವಾರ ಗೊತ್ತಾಯ್ತು. ಮಕ್ಕಳು ಎದ್ದುಹೋದ ಮೇಲೆ ನೀರಿನ ಮೇಲೆ ನವಿಲುಬಣ್ಣ ಹರಡ್ಕೊಳ್ತಿತ್ತು. ಎಣ್ಣೆ ಅಲ್ವಾ, ತೇಲತ್ತೆ. ಆ ಬಣ್ಣ ಬಂದ ಮಾರನೇ ದಿನ ಇವು ಹೊಟ್ಟೆ ಮೇಲೆ ಮಾಡ್ಕೊಂಡಿರ್ತಿದ್ವು."

"ಬಕೆಟ್ಟು?"

"ಅರ್ಧ ನೀರು ಮೊಗೆದು ಆಚೆ ಚೆಲ್ಲೋದು, ಹಿಂದಿನ ದಿನ ತುಂಬಿಟ್ಟ ನೀರು ಹಾಕೋದು. ಇನ್ನೇನು ಮಾಡ್ಲಿ? ಮೂರು ಸಲ ಹಾಗೆ ಮಾಡ್ದೆ. ಮೂರನೇ ಸಲ ನೀವು ನೋಡಿದ್ರಿ."

ಕಳೆನಾಶಕದ ಡಬ್ಬಿ ಸಮಿತಿಯ ಅಧ್ಯಕ್ಷರು ಮುಂದಿನ ದಾರಿಯ ಕಲ್ಲುಸಂದಿಗೆ ಹಾಕಲೆಂದು ಕೊಡಿಸಿದ್ದು, ಎಂದ. ಮುಚ್ಚಳ ತೆಗೆದು ನೋಡಿ, ಘಾಟಿಗೆ ಹೆದರಿ ಹಾಗೇ ಇಟ್ಟಿದ್ದನಂತೆ. ಆ ಸಂದಿಗಳ ಕಳೆಯನ್ನು ಕೈಯಲ್ಲೇ ಕಿತ್ತಿದ್ದ. ಟೀಚರ್ ಶನಿವಾರ ಡಬ್ಬಿ ಎತ್ತಿ ನೋಡಿದ್ದರೆ ಸಾಕಿತ್ತು, ತುಂಬಿದ ಡಬ್ಬಿ. ಅವಳು ಎತ್ತಿರಲಿಲ್ಲ. ಬಾಗಿಲಲ್ಲೇ ನಿಂತು ಬೆರಳು ಮಾಡಿದ್ದಳು.

"ನನ್ನ ಹತ್ತಿರ ಯಾಕೆ ಹೇಳಲಿಲ್ಲ?"

"ಹೇಳೋಣ ಅಂತ ಎರಡು ಸಲ ಬಂದೆ. ನೀವು ಮಕ್ಕಳ ಮಧ್ಯೆ ಇದ್ರಿ. ಅವರ ಮುಂದೆ ಹೇಳೋ ಮಾತಾ ಇದು?" ಅವನು ಮಂಚದ ಅಡಿಗೆ ಬಗ್ಗಿ, ತಟ್ಟೆ ಮುಚ್ಚಿದ ಅಗಲವಾದ ಪಾತ್ರೆಯೊಂದನ್ನು ಎಳೆದ. "ಆಮೇಲೆ ನೀವು ಕಾಗದ ಬರೆದೇ ಬಿಟ್ರಿ. ಸರಿ, ಒಳ್ಳೇದೇ ಆಯ್ತು ಅನ್ಕೊಂಡೆ."

ತಟ್ಟೆ ಸರಿಸಿದ.

ಪಾತ್ರೆಯ ನೀರಲ್ಲಿ ಎರಡು ಅಂತರಗಂಗೆ ಗಿಡ, ಒಂದು ಕಲ್ಲು. ಕಲ್ಲಿನ ಸುತ್ತ ಕಪ್ಪು ಚುಕ್ಕೆಗಳು ಬಾಲ ಆಡಿಸುತ್ತಿದ್ದವು. ಬಾಲದ ಬುಡದಲ್ಲಿ ದಾರದ ಎಳೆಯಷ್ಟು ತೆಳ್ಳಗಿನ ಹಿಂಗಾಲುಗಳು ಮೂಡಿದ್ದವು.

ಅವಳಿಗೆ ಎಣಿಸಬೇಕಾಗಿಯೇ ಇರಲಿಲ್ಲ. ಆದರೂ ಎಣಿಸಿದಳು. ಹನ್ನೊಂದು.

ಲೆಕ್ಕದಮ್ಮನ ಲೆಕ್ಕ ಕೂಡಿತ್ತು. ಅದೇ ಕೊಳದ ಹನ್ನೊಂದು, ಕೈ ಮುಟ್ಟದ ನೀರಲ್ಲಿ, ಜೀವಂತ. ಇದಕ್ಕಿಂತ ಸ್ವಚ್ಛವಾದ ಸಾಕ್ಷಿಯನ್ನು ಅವಳು ಒಂಬತ್ತು ವರ್ಷದಲ್ಲಿ ಕಂಡಿರಲಿಲ್ಲ. ಅದು ತೋರಿಸುತ್ತಿದ್ದುದು ಅವಳನ್ನೇ.

"ಏನು ಒಳ್ಳೇದಾಯ್ತು ತಾತ? ನಿಮ್ಮ ಮನೆ ಹೋಗತ್ತೆ."

"ನೋಡಿ ಟೀಚರಮ್ಮ, ನನಗೆ ಅರವತ್ತೆಂಟು. ಬೈಸಿಕೊಂಡು ಬೈಸಿಕೊಂಡು ಚರ್ಮ ದಪ್ಪ ಆಗಿದೆ. ಮಾಲಿ ಕೊಂದ ಅಂದ್ರೆ ಮಕ್ಕಳು ನಾಲ್ಕು ದಿನ ಅತ್ತು, ನನಗೆ ಶಾಪ ಹಾಕಿ, ಮತ್ತೆ ಕೊಳದ ಹತ್ರ ಹೋಗ್ತಾರೆ. ನಾವೇ ಕೊಂದ್ವಿ ಅಂತ ಗೊತ್ತಾದ್ರೆ ಹೋಗ್ತಾರಾ? ಆ ಬಸವನಹುಳದ ಹುಡುಗ ಇದ್ದಾನಲ್ಲ, ಚಿಪ್ಪಿನ ಮೇಲೆ ಕಾಲಿಟ್ಟು ಒಂದು ವಾರ ಊಟ ಬಿಟ್ಟಿದ್ದ. ಅವನು ಮತ್ತೆ ನೀರಿಗೆ ಕೈ ಇಡ್ತಾನಾ?"

ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಎಲ್ಲರಿಗೂ ಒಳ್ಳೆಯದು ಎಂದು ಹೇಳುತ್ತಿದ್ದವನು ಯಾರು ಎಲ್ಲವನ್ನೂ ಕಳೆದುಕೊಳ್ಳುವವನಿದ್ದನೋ ಅವನೇ. ಒಪ್ಪಿಕೊಳ್ಳುವುದು ಎಷ್ಟು ಸುಲಭ ಎಂಬುದು ಅವಳನ್ನು ಹೆದರಿಸಿತು. ಪತ್ರ ಅಲ್ಲಿದೆ. ಸಹಿ ಇದೆ. ನಾಲ್ಕು ಗಂಟೆಗೆ ಸುಮ್ಮನೆ ಹೋಗಿ ಕೂತರಾಯಿತು. ಮಕ್ಕಳ ಮನಸ್ಸು ಕಾಪಾಡಿದಂತೆಯೂ ಆಯಿತು, ತನ್ನ ಹೆಸರು ಕಾಪಾಡಿಕೊಂಡಂತೆಯೂ.

ಈ ಕೊನೆಯ ಮಾತು ಹೊಳೆದದ್ದೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ನಾನು ಹೇಳ್ತೀನಿ," ಎಂದಳು. "ಸಮಿತಿಗೂ. ಮಕ್ಕಳಿಗೂ."

"ಮಕ್ಕಳಿಗೆ ಏನಂತ?"

"ಕೈ ನಿಮ್ಮದು, ತಪ್ಪು ನಂದು ಅಂತ."

ತಾತ ತಟ್ಟೆಯನ್ನು ಮತ್ತೆ ಪಾತ್ರೆಯ ಮೇಲೆ ಮುಚ್ಚಿದ. "ಅಷ್ಟು ಸಣ್ಣ ಮಾತಲ್ಲಿ ಮುಗಿಯತ್ತಾ?"

"ಮುಗಿಯಲ್ಲ."

ಅವಳು ಬಾಗಿಲು ದಾಟುವಾಗ ತಾತ ಹಿಂದಿನಿಂದ ಇನ್ನೊಂದು ಮಾತು ಹೇಳಿದ. ಆ ಎಣ್ಣೆಯಿಂದ ಮೊದಲ ವಾರ ನಿಂಬೆಹಣ್ಣಿನ ವಾಸನೆ ಬರುತ್ತಿತ್ತು, ಆಮೇಲೆ ಏನೋ ಬೇರೆ, ಮೂಗಿಗೆ ಚುಚ್ಚುವಂಥದ್ದು. ನಿಮಗೆ ನೆಗಡಿ, ಗೊತ್ತಾಗಿರಲಿಕ್ಕಿಲ್ಲ, ಎಂದ. ಮಾತು ಅವಳ ಕಿವಿಗೆ ಬಿತ್ತು. ಬಾಗಿಲ ಮೇಲಿನ ದುಂಡಗಿನ ಅಕ್ಷರಗಳನ್ನು ಕರವಸ್ತ್ರದಿಂದ ಒರೆಸುತ್ತಿದ್ದವಳ ತಲೆಗೆ ಹೋಗಲಿಲ್ಲ. ಒರೆಸಿದಷ್ಟೂ ಅದು ಬಿಳಿಯ ಮಬ್ಬಾಗಿ ಹರಡಿತು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಅವಳು ಮುಖ್ಯ ಶಿಕ್ಷಕಿಯ ಕೋಣೆ ಹೊಕ್ಕಳು. ಔಷಧಿಯ ಬೀರು ಅಲ್ಲೇ ಗೋಡೆಗಂಟಿತ್ತು. ಅದಕ್ಕೆ ಎರಡು ಕೀಲಿ: ಒಂದು ಇವಳ ಗೊಂಚಲಲ್ಲಿ, ಒಂದು ಮುಖ್ಯ ಶಿಕ್ಷಕಿಯ ಬಳಿ. ಬೀರು ತೆಗೆದು, ಹಸಿರು ಬಾಟಲಿ ಎತ್ತಿಕೊಂಡು, ಮತ್ತೆ ಬೀಗ ಹಾಕಿದಳು.

ಅಧ್ಯಕ್ಷರು ಆಗಲೇ ಬಂದು ಕೂತಿದ್ದರು. ಟೈಲ್ಸ್ ಅಂಗಡಿಯವರು, ಮೈದಾನಕ್ಕೆಲ್ಲ ಕಲ್ಲು ಹಾಸಿಬಿಟ್ಟರೆ ಎಷ್ಟು ಅಚ್ಚುಕಟ್ಟು ಎಂಬುದು ಅವರು ಪ್ರತಿ ಸಭೆಯಲ್ಲೂ ಹೇಳುವ ಮಾತು. ಮುಖ್ಯ ಶಿಕ್ಷಕಿ ನಡಾವಳಿ ಪುಸ್ತಕ ಬಿಚ್ಚಿ ದಿನಾಂಕ ಬರೆಯುತ್ತಿದ್ದರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಒಂದು ಸಾಲನ್ನೂ ವಕ್ರವಾಗಿ ಬರೆಯದವರು.

"ಬೇಗ ಮುಗಿಸೋಣ," ಎಂದರು ಅಧ್ಯಕ್ಷರು. "ನಿಮ್ಮ ಪತ್ರ ಸ್ಪಷ್ಟವಾಗಿದೆ. ಮಾಲಿನ ಕಳಿಸೋದು, ಆ ಮೂಲೆನ ಮುಚ್ಚೋದು. ಅಷ್ಟೇ ತಾನೇ?"

"ಆ ಪತ್ರ ನಾನು ವಾಪಸ್ ತಗೋತೀನಿ," ಎಂದಳು ಟೀಚರ್. "ಅದು ತಪ್ಪು."

ಮುಖ್ಯ ಶಿಕ್ಷಕಿಯ ಪೆನ್ನು ಓಡುತ್ತಲೇ ಇತ್ತು.

ಅವಳು ಹೇಳಿದಳು. ಮೊದಲು ಹಸಿರಾಗಿಯೇ ಇರುವ ಅಂತರಗಂಗೆ, ಆಮೇಲೆ ತುಂಬಿದ ಡಬ್ಬಿ, ಆಮೇಲೆ ಎಣಿಸಿದ ಮರುದಿನದ ಸಾವುಗಳು. ಪಾತ್ರೆಯ ಹನ್ನೊಂದು. ಹೆಬ್ಬೆರಳಿನ ಅಚ್ಚುಗಳು. ಪ್ರಯೋಗಾಲಯದಲ್ಲಿ ಬೇರೆಯವರ ಅಪರಾಧದ ವರದಿ ಓದುವಾಗ ಇದ್ದಂಥ ಸಮಧ್ವನಿಯಲ್ಲೇ ಹೇಳಲು ನೋಡಿದಳು.

"ಎಣ್ಣೆ ತಂದವಳು ನಾನು. ಹಚ್ಚಿಸಿದವಳು ನಾನು. ಮಾಲಿಯವರ ಕೆಲಸ ತೆಗೆಯೋ ಹಾಗಿಲ್ಲ. ತೆಗೆಯೋದಿದ್ರೆ ನನ್ನದನ್ನ ತೆಗೀರಿ."

ಸಾಕ್ಷಿಯಾಗಿ ಇರಲಿ ಎಂದು ಬಾಟಲಿಯನ್ನು ಮೇಜಿನ ಮೇಲಿಟ್ಟಳು.

ಬಾಟಲಿ ದಪ್ಪೆಂದಿತು.

ಆ ಸದ್ದು ಅವಳಿಗೆ ಹಿಡಿಸಲಿಲ್ಲ. ತುಂಬಿದ ಬಾಟಲಿಯ ಸದ್ದು ಅದು. ಕೈ ಮುಂದೆ ಮಾಡಿ ಒಮ್ಮೆ ಅಲುಗಾಡಿಸಿದಳು. ಕುತ್ತಿಗೆಯವರೆಗೂ ಇತ್ತು.

ಒಂದು ಎಣಿಕೆಗೆ ತೊಂಬತ್ತು ಮಿಲಿ. ಎರಡಕ್ಕೆ ನೂರ ಎಂಬತ್ತು. ಇನ್ನೂರರ ಬಾಟಲಿ ಮೊದಲ ವಾರಕ್ಕೇ ಮುಗಿದಿರಬೇಕಿತ್ತು. ಆರು ಎಣಿಕೆ ಆಗಿತ್ತು. ಅವಳು ಎರಡನೇ ಬಾಟಲಿ ತಂದಿರಲಿಲ್ಲ.

ಖಾಲಿಯಾದ ಬಾಟಲಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಖಾಲಿಯಾಗದ್ದನ್ನು ಯಾರು ನೋಡುತ್ತಾರೆ? ಮೂರು ವಾರ ತನ್ನ ಕೈಯಾರೆ ಬಗ್ಗಿಸಿ ಬಗ್ಗಿಸಿ ಸುರಿದವಳೇ ನೋಡಿರಲಿಲ್ಲ.

ಮೊದಲ ವಾರ ಸತ್ತದ್ದು ಒಂದೇ ಒಂದು. ಮೊದಲ ವಾರ ನಿಂಬೆಹಣ್ಣಿನ ವಾಸನೆ. ಆಮೇಲೆ ಯಾರೋ ಇದಕ್ಕೆ ಬೇರೇನನ್ನೋ ತುಂಬಿದ್ದರು.

ಒಂದು ಗಳಿಗೆ, ಒಂದೇ ಒಂದು ಗಳಿಗೆ, ಅವಳ ಎದೆಯ ಮೇಲಿನ ಕಲ್ಲು ಜಾರಿದಂತಾಯಿತು: ಹಾಗಾದರೆ ನಾನಲ್ಲ. ಮರುಗಳಿಗೆ ಲೆಕ್ಕದಮ್ಮ ಮೊಣಕೈ ಕೆರೆದುಕೊಂಡದ್ದು ನೆನಪಾಯಿತು. ಈ ಬಾಟಲಿಯಲ್ಲಿ ಇದ್ದದ್ದು ಏನೇ ಆಗಿರಲಿ, ಅದನ್ನು ಚಮಚ ಚಮಚ ಅಳೆದು, ಒಂದಿಷ್ಟೂ ಬಿಡಬೇಡಿ ಎಂದು ನಿಂತು, ಹದಿನೆಂಟು ಮಕ್ಕಳ ಮೈಗೆ ಹಚ್ಚಿಸಿದ್ದು ತಾನೇ. ಕಲ್ಲು ಮರಳಿ ಬಂದು ಕೂತಿತು. ಈ ಸಲ ಹೆಚ್ಚು ಭಾರವಾಗಿ.

ಅಧ್ಯಕ್ಷರಿಗೆ ಇದೊಂದೂ ತಿಳಿದಿರಲಿಲ್ಲ. ಒಂದು ಸೊಳ್ಳೆ ಎಣ್ಣೆಗೆ ಇಷ್ಟೆಲ್ಲ ರಾದ್ಧಾಂತವೇ ಎಂಬಂತೆ ಬಾಟಲಿಯನ್ನು ತಮ್ಮತ್ತ ಎಳೆದುಕೊಂಡರು. ಮುಚ್ಚಳದ ಮೇಲೆ ಬೆರಳಿಟ್ಟು, ಮೂಗನ್ನು ಹತ್ತಿರ ತಂದರು.

"ಮುಚ್ಚಳ ತೆಗೀಬೇಡಿ."

ಹೇಳಿದವರು ಮುಖ್ಯ ಶಿಕ್ಷಕಿ. ಅವರು ಪುಸ್ತಕದಿಂದ ತಲೆ ಎತ್ತಿರಲಿಲ್ಲ. ಪೆನ್ನು ಮಾತ್ರ ಸಾಲಿನ ನಡುವೆ ನಿಂತಿತ್ತು. ನಿಂತಲ್ಲೇ ಶಾಯಿಯ ಚುಕ್ಕೆಯೊಂದು ಮೆಲ್ಲಗೆ ಅಗಲವಾಗುತ್ತಿತ್ತು.

"ಯಾಕೆ?" ಎಂದರು ಅಧ್ಯಕ್ಷರು.

ಟೀಚರ್ ತನ್ನ ಕೈಯಲ್ಲಿದ್ದ ಬೀರುವಿನ ಕೀಲಿಯನ್ನು ನೋಡಿಕೊಂಡಳು. ಅಂಥದ್ದು ಇನ್ನು ಒಂದೇ ಒಂದಿತ್ತು.